ತ್ವೇರ್ ಒಬ್ಲಾಸ್ಟಿನ ರಯೋನುಗಳು, ನಗರಗಳು, ಒಕ್ರುಗ್‌ಗಳು: ಎರಡು ಪಟ್ಟಿಗಳು ಏಕೆ ಹೊಂದುವುದಿಲ್ಲ?

ನಕಾಶೆಪ್ರಿಯ:

ರಷ್ಯಾದ ಆಡಳಿತ ವಿಭಾಗಗಳ ಬಗ್ಗೆ ಕನ್ನಡದಲ್ಲಿ ಒಂದು ಸರಣಿ ಬರೆಯಲು ತೊಡಗಿದ್ದೇನೆ. ಮೊದಲ ಕಂತಿಗೆ ಆರಿಸಿಕೊಂಡದ್ದು ಮಾಸ್ಕೋದ ವಾಯವ್ಯಕ್ಕಿರುವ ತ್ವೇರ್ ಒಬ್ಲಾಸ್ಟ್ (ಒಬ್ಲಾಸ್ಟ್ ಎಂದರೆ ಪ್ರಾಂತ). 15ನೆಯ ಶತಮಾನದಲ್ಲಿ ಬಹಮನಿ ಸುಲ್ತಾನರ ಬೀದರಿಗೆ ಬಂದುಹೋದ ವರ್ತಕ ಅಫನಾಸಿ ನಿಕಿತಿನ್ ತ್ವೇರಿನವನಾದ್ದರಿಂದ, ನಮ್ಮ ಓದುಗರಲ್ಲಿ ಕೆಲವರಾದರೂ ಆ ಹೆಸರನ್ನು ಕೇಳಿರುತ್ತಾರೆ ಎಂಬ ಲೆಕ್ಕಾಚಾರ ನನ್ನದು. ಆದರೆ ವಿಭಾಗಗಳ ಪಟ್ಟಿ ಮಾಡಲು ಕುಳಿತರೆ ಆಧಾರಗಳು ಒಂದಕ್ಕೊಂದು ತಾಳೆಯಾಗುತ್ತಿಲ್ಲ. ಒಂದು ಪಟ್ಟಿಯ ಪ್ರಕಾರ ಅಲ್ಲಿ 36 ರಯೋನುಗಳು (ನಮ್ಮ ತಾಲೂಕಿನಂತಹ ವಿಭಾಗಗಳು), ಒಬ್ಲಾಸ್ಟ್ ಮಟ್ಟದ 5 ನಗರಗಳು ಮತ್ತು ಪ್ರವೇಶ ನಿರ್ಬಂಧವಿರುವ 2 ನೆಲೆಗಳಿವೆ. ಇನ್ನೊಂದು ಪಟ್ಟಿಯಲ್ಲಿ ಅದೇ ನೆಲವನ್ನು ‘ನಗರ ಒಕ್ರುಗ್’, ‘ಮುನಿಸಿಪಲ್ ಒಕ್ರುಗ್’ (ಒಕ್ರುಗ್ ಎಂದರೆ ವಲಯ) ಎಂಬ ಬೇರೆಯೇ ಹೆಸರುಗಳಿಂದ ವಿಂಗಡಿಸಲಾಗಿದೆ. ರ್ಝೆವ್ ನಗರವು ರ್ಝೆವ್ ರಯೋನಿನ ಕೇಂದ್ರವಾಗಿದ್ದರೂ ಆ ರಯೋನಿಗೆ ಸೇರಿಲ್ಲವಂತೆ. ಇವುಗಳಲ್ಲಿ ಯಾವುದನ್ನು ನಂಬಬೇಕು? ತಿಳಿದವರು ದಯವಿಟ್ಟು ವಿವರಿಸಬೇಕಾಗಿ ವಿನಂತಿ.

ಆಡಳಿತಾಸಕ್ತ:

ನಕಾಶೆಪ್ರಿಯ ಅವರೇ, ಎರಡೂ ಪಟ್ಟಿಗಳು ಸರಿಯೇ. ಅವು ಎರಡು ಬೇರೆ ಕಾನೂನುಗಳಿಂದ ಹುಟ್ಟಿದವು, ಅಷ್ಟೆ. ರಷ್ಯಾದ ಯಾವ ಒಬ್ಲಾಸ್ಟನ್ನು ತೆಗೆದುಕೊಂಡರೂ ಒಂದೇ ನೆಲದ ಮೇಲೆ ಎರಡು ವಿಭಜನೆಗಳು ಇರುತ್ತವೆ ಎಂಬುದನ್ನು ಮೊದಲು ಗಮನಿಸಬೇಕು.

ಮೊದಲನೆಯದು ಆಡಳಿತ-ಪ್ರಾದೇಶಿಕ ವಿಭಜನೆ. ಇದು ಸೋವಿಯತ್ ಕಾಲದಿಂದ ಬಂದದ್ದು. ಒಬ್ಲಾಸ್ಟಿನ ಸರ್ಕಾರ ತನ್ನ ಆಡಳಿತ ನಡೆಸಲು ನೆಲವನ್ನು ಹೇಗೆ ಹಂಚಿಕೊಂಡಿದೆ ಎಂಬುದನ್ನು ಇದು ಹೇಳುತ್ತದೆ, ಮತ್ತು ಇದನ್ನು ಒಬ್ಲಾಸ್ಟಿನ ಶಾಸನಸಭೆಯೇ ತನ್ನ ಕಾನೂನಿನ ಮೂಲಕ ನಿಗದಿ ಮಾಡುತ್ತದೆ. ನೀವು ಹೇಳಿದ 36 ರಯೋನುಗಳ ಪಟ್ಟಿ ಈ ಬಗೆಯದು. ಎರಡನೆಯದು ಮುನಿಸಿಪಲ್ ವಿಭಜನೆ, ಅಂದರೆ ಸ್ಥಳೀಯ ಸ್ವಯಮಾಡಳಿತದ ಘಟಕಗಳು. 1993ರ ಸಂವಿಧಾನದ 12ನೆಯ ವಿಧಿಯು ಸ್ಥಳೀಯ ಸ್ವಯಮಾಡಳಿತವು ತನ್ನ ಅಧಿಕಾರದ ಮಿತಿಯೊಳಗೆ ಸ್ವತಂತ್ರ, ಅದರ ಅಂಗಗಳು ರಾಜ್ಯಾಧಿಕಾರದ ಅಂಗಗಳ ವ್ಯವಸ್ಥೆಗೆ ಸೇರುವುದಿಲ್ಲ ಎಂದು ಹೇಳಿತು. ಹಾಗೆ ಹೇಳಿದ ಮೇಲೆ, ರಾಜ್ಯಾಡಳಿತದ ನಕ್ಷೆಯನ್ನೇ ಸ್ವಯಮಾಡಳಿತಕ್ಕೂ ನೇರವಾಗಿ ಬಳಸುವುದು ತಾರ್ಕಿಕವಾಗಿ ಕಷ್ಟವಾಯಿತು. ಮುಂದೆ 2003ರ ಅಕ್ಟೋಬರ್ 6ರ 131ನೆಯ ಸಂಖ್ಯೆಯ ಒಕ್ಕೂಟ ಕಾನೂನು ದೇಶಕ್ಕೆಲ್ಲ ಅನ್ವಯವಾಗುವ ಮಾದರಿಯೊಂದನ್ನು ಕೊಟ್ಟಿತು.

ಆ ಮಾದರಿಯ ಪ್ರಕಾರ ಮುನಿಸಿಪಲ್ ರಯೋನ್ ಎರಡು ಮಜಲಿನದು. ಕೆಳಗೆ ನಗರ ವಸತಿಗಳು ಮತ್ತು ಗ್ರಾಮ ವಸತಿಗಳು. ಪ್ರತಿಯೊಂದಕ್ಕೂ ಚುನಾಯಿತ ಮಂಡಳಿ, ತನ್ನದೇ ಬಜೆಟ್. ಬೀದಿದೀಪ, ಊರೊಳಗಿನ ರಸ್ತೆ, ನೀರು ಪೂರೈಕೆಯಂತಹ ಕೆಲಸಗಳು ಕೆಳಗಿನ ಮಜಲಿನವು. ಶಾಲೆಗಳು, ಊರಿಂದೂರಿಗೆ ಹೋಗುವ ರಸ್ತೆಗಳು ಮೇಲಿನ ರಯೋನಿನವು. ನಗರ ಒಕ್ರುಗ್ ಒಂದೇ ಮಜಲಿನದು. ಅದು ಎರಡೂ ಬಗೆಯ ಕೆಲಸಗಳನ್ನು ತಾನೇ ಮಾಡುತ್ತದೆ ಮತ್ತು ಯಾವ ರಯೋನಿಗೂ ಸೇರುವುದಿಲ್ಲ.

ಈಗ ನಿಮ್ಮ ರ್ಝೆವ್ ಪ್ರಶ್ನೆಗೆ ಬರೋಣ. ಸೋವಿಯತ್ ಕಾಲದಲ್ಲಿಯೇ ದೊಡ್ಡ ಕೈಗಾರಿಕಾ ನಗರಗಳನ್ನು ರಯೋನಿನಿಂದ ಹೊರತೆಗೆದು ನೇರವಾಗಿ ಒಬ್ಲಾಸ್ಟಿನ ಅಧೀನಕ್ಕೆ ಕೊಡುವ ಪದ್ಧತಿ ಇತ್ತು. ತ್ವೇರ್, ರ್ಝೆವ್, ವಿಶ್ನಿ ವೊಲೊಚೋಕ್, ಕಿಮ್ರಿ, ತೊರ್ಝೋಕ್ ಈ ಐದು ಅಂತಹ ನಗರಗಳು. ಆದರೆ ಸುತ್ತಲಿನ ಹಳ್ಳಿಗಳ ರಯೋನಿಗೆ ಬೇರೆ ಸೂಕ್ತ ಊರಿಲ್ಲದ ಕಾರಣ ಅದರ ಕಚೇರಿ ಆ ನಗರದಲ್ಲಿಯೇ ಉಳಿಯಿತು. ಹೀಗಾಗಿ ರ್ಝೆವ್ ನಗರದಲ್ಲಿ ನಗರದ್ದೊಂದು ಆಡಳಿತ, ನಗರಕ್ಕೆ ಸಂಬಂಧಿಸದ ರಯೋನಿನದೊಂದು ಆಡಳಿತ ಎರಡೂ ಬಹುಕಾಲ ಜೊತೆಯಲ್ಲಿ ನಡೆದವು. 131ನೆಯ ಕಾನೂನು ಜಾರಿಗೆ ಬಂದಾಗ ಈ ಐದು ನಗರಗಳೂ ಸಹಜವಾಗಿಯೇ ನಗರ ಒಕ್ರುಗ್‌ಗಳಾದವು.

ಕಲಬುರಗಿಯ ವೈದ್ಯ:

ನಾನು ವೈದ್ಯಕೀಯ ಓದಿದ್ದು ತ್ವೇರ್ ನಗರದಲ್ಲಿ. ಆಡಳಿತಾಸಕ್ತರ ವಿವರಣೆಗೆ ಅಲ್ಲಿ ಬದುಕಿದವನ ಕಡೆಯಿಂದ ಎರಡು ಮಾತು ಸೇರಿಸುತ್ತೇನೆ.

ನಗರದ ಒಳಗೂ ‘ರಯೋನ್’ ಎಂಬ ಘಟಕಗಳಿವೆ: ಝವೋಲ್ಜ್‌ಸ್ಕಿ, ಮೊಸ್ಕೋವ್‌ಸ್ಕಿ, ಪ್ರೊಲೆತಾರ್‌ಸ್ಕಿ, ತ್ಸೆಂತ್ರಾಲ್ನಿ ಎಂಬ ನಾಲ್ಕು. ಇವು ಮೇಲಿನ 36ರ ಲೆಕ್ಕಕ್ಕೆ ಸೇರುವುದಿಲ್ಲ. ನಗರಾಡಳಿತದ ಒಳವಿಭಾಗಗಳು ಮಾತ್ರ. ಹೆಸರು ಒಂದೇ ಎಂದು ಪಟ್ಟಿಯಲ್ಲಿ ಬೆರೆಸಿಬಿಟ್ಟರೆ ಎಣಿಕೆ 40 ಆಗಿಬಿಡುತ್ತದೆ. ನಕಾಶೆಪ್ರಿಯ ಅವರು ಈ ಬಗ್ಗೆ ಎಚ್ಚರ ವಹಿಸುವುದು ಒಳ್ಳೆಯದು.

ಇನ್ನೊಂದು, ತ್ವೇರ್ ನಗರವನ್ನು ಸುತ್ತುವರಿದ ರಯೋನಿನ ಹೆಸರು. 1931ರಲ್ಲಿ ತ್ವೇರಿಗೆ ಸೋವಿಯತ್ ನಾಯಕ ಮಿಖಾಯಿಲ್ ಕಲಿನಿನ್‌ನ ಹೆಸರಿಟ್ಟರು. 1935ರ ಜನವರಿ 29ರಂದು ಒಬ್ಲಾಸ್ಟ್ ರಚನೆಯಾದಾಗ ಅದೂ ಕಲಿನಿನ್ ಒಬ್ಲಾಸ್ಟ್ ಎನಿಸಿತು. 1990ರಲ್ಲಿ ನಗರಕ್ಕೂ ಒಬ್ಲಾಸ್ಟಿಗೂ ಹಳೆಯ ಹೆಸರು ಮರಳಿತು. ರಯೋನು ಮಾತ್ರ ಆನಂತರವೂ ದಶಕಗಳ ಕಾಲ ಕಲಿನಿನ್‌ಸ್ಕಿಯಾಗಿಯೇ ಉಳಿಯಿತು. ಉದೋಮ್ಲ್ಯಾದಲ್ಲಿರುವ ಅಣುವಿದ್ಯುತ್ ಸ್ಥಾವರಕ್ಕೂ ಇವತ್ತಿಗೂ ಕಲಿನಿನ್ ಹೆಸರೇ. ನಾನು ಹೊಸದಾಗಿ ಹೋದಾಗ ಈ ಕಲಿನಿನ್‌ಸ್ಕಿ ಎಂಬುದು ಬಾಲ್ಟಿಕ್ ತೀರದ ಕಲಿನಿನ್‌ಗ್ರಾದಿಗೆ ಸಂಬಂಧಿಸಿದ್ದಿರಬೇಕೆಂದು ಎಣಿಸುವ ಸಹಪಾಠಿಗಳಿದ್ದರು. ಎರಡಕ್ಕೂ ಹೆಸರು ಕೊಟ್ಟ ವ್ಯಕ್ತಿ ಒಬ್ಬನೇ, ಊರುಗಳ ನಡುವೆ ಮಾತ್ರ ನೂರಾರು ಕಿಲೋಮೀಟರ್ ಅಂತರ.

ನಿವೃತ್ತ ಇತಿಹಾಸ ಉಪನ್ಯಾಸಕ:

36 ಎಂಬ ಸಂಖ್ಯೆ ಎಲ್ಲಿಂದ ಬಂತು ಎಂಬುದನ್ನು ಯಾರೂ ಕೇಳಿಲ್ಲ. ಆದರೆ ಅದು ಗೊತ್ತಾಗದೆ ಈ ನಕ್ಷೆ ಅರ್ಥವಾಗುವುದಿಲ್ಲ ಎಂದು ನನ್ನ ಅಭಿಪ್ರಾಯ.

1775ರಲ್ಲಿ ಎರಡನೆಯ ಕ್ಯಾಥರೀನ್ ಪ್ರಾಂತಾಡಳಿತವನ್ನು ಹೊಸದಾಗಿ ಕಟ್ಟಿದಾಗ ಅನುಸರಿಸಿದ ಅಳತೆಗೋಲು ಜನಸಂಖ್ಯೆ. ಒಂದು ಗುಬೇರ್ನಿಯಾಕ್ಕೆ 3ರಿಂದ 4 ಲಕ್ಷ, ಅದರೊಳಗಿನ ಒಂದು ಉಯೆಜ್ದಿಗೆ 20ರಿಂದ 30 ಸಾವಿರ ತೆರಿಗೆಗೊಳಪಟ್ಟ ಗಂಡಸರು ಎಂಬುದು ನಿಯಮ. ತೆರಿಗೆ ಎತ್ತಲು, ನ್ಯಾಯ ನಡೆಸಲು, ಸೈನಿಕರನ್ನು ಕೂಡಿಸಲು ಒಬ್ಬ ಅಧಿಕಾರಿಯ ಕೈಗೆ ಎಟುಕುವಷ್ಟು ಜನ ಎಂಬ ದೃಷ್ಟಿಯಿಂದ ಮಾಡಿದ ಲೆಕ್ಕ ಅದು. ತ್ವೇರ್ ಗುಬೇರ್ನಿಯಾದಲ್ಲಿ ಬಹುಕಾಲ 12 ಉಯೆಜ್ದ್‌ಗಳಿದ್ದವು: ತ್ವೇರ್, ಬೆಝೆತ್ಸ್ಕ್, ವೆಸ್ಯೆಗೊನ್ಸ್ಕ್, ವಿಶ್ನಿ ವೊಲೊಚೋಕ್, ಝುಬ್ತ್ಸೊವ್, ಕಲ್ಯಾಝಿನ್, ಕಾಶಿನ್, ಕೊರ್ಚೆವಾ, ತೊರ್ಝೋಕ್, ಒಸ್ತಾಶ್ಕೊವ್, ರ್ಝೆವ್, ಸ್ತಾರಿತ್ಸಾ. ಇವುಗಳಲ್ಲಿ ಹನ್ನೊಂದು ಊರುಗಳು ಸೋವಿಯತ್ ಕಾಲದಲ್ಲಿಯೂ ರಯೋನ್ ಕೇಂದ್ರಗಳಾಗಿ ಮುಂದುವರಿದವು. ಹನ್ನೆರಡನೆಯದಾದ ಕೊರ್ಚೆವಾ 1937ರಲ್ಲಿ ವೋಲ್ಗಾಕ್ಕೆ ಅಡ್ಡಲಾಗಿ ಕಟ್ಟಿದ ಇವಾನ್ಕೊವೊ ಜಲಾಶಯದ ಪಾಲಾಯಿತು. ಅಲ್ಲಿನ ಜನ ಪಿಂಗಾಣಿ ಕಾರ್ಖಾನೆಯ ಊರಾಗಿದ್ದ ಕೊನಕೊವೊಗೆ ಹೋದರು. ಆ ಭಾಗದ ಕೇಂದ್ರವೂ ಅದೇ ಆಯಿತು. ಕಲಿನಿನ್ ಹುಟ್ಟಿದ ವೆರ್ಖ್ನ್ಯಾಯಾ ತ್ರೋಯಿತ್ಸಾ ಹಳ್ಳಿ ಹಿಂದೆ ಇದೇ ಕೊರ್ಚೆವಾ ಉಯೆಜ್ದಿಗೆ ಸೇರಿತ್ತು. ಕಲ್ಯಾಝಿನ್‌ನ ಹಳೆಯ ಭಾಗವನ್ನು ಉಗ್ಲಿಚ್ ಜಲಾಶಯ ನುಂಗಿತು, ವೆಸ್ಯೆಗೊನ್ಸ್ಕ್ ಊರನ್ನು ರೀಬಿನ್ಸ್ಕ್ ಜಲಾಶಯ ಎತ್ತರದ ಜಾಗಕ್ಕೆ ತಳ್ಳಿತು. ಆಡಳಿತದ ಗಡಿಗಳನ್ನು ಅಧಿಕಾರಿಗಳ ಜೊತೆಗೆ ಅಣೆಕಟ್ಟುಗಳೂ ತಿದ್ದಿದ ಪ್ರದೇಶವಿದು.

1929ರಲ್ಲಿ ಗುಬೇರ್ನಿಯಾ ಮತ್ತು ಉಯೆಜ್ದ್ ಎರಡನ್ನೂ ಕೈಬಿಟ್ಟು ರಯೋನುಗಳನ್ನು ಮಾಡಿದರು. ತ್ವೇರಿನ ಬಹುಭಾಗ ಆಗ ಮಾಸ್ಕೋ ಒಬ್ಲಾಸ್ಟಿಗೆ ಹೋಯಿತು. ರಯೋನ್ ಉಯೆಜ್ದಿಗಿಂತ ಚಿಕ್ಕದು. ಸಾಮೂಹಿಕ ಕೃಷಿಯನ್ನು ಹಳ್ಳಿಹಳ್ಳಿಯಲ್ಲಿ ಜಾರಿಗೆ ತರುತ್ತಿದ್ದ ವರ್ಷಗಳವು. ಪಕ್ಷದ ಸಮಿತಿಯೂ ಧಾನ್ಯ ವಸೂಲಿಯೂ ಹಳ್ಳಿಗೆ ಹತ್ತಿರವಿರಬೇಕೆಂಬುದು ಆಗಿನ ಸರ್ಕಾರದ ಉದ್ದೇಶ. ಆನಂತರ ರಯೋನುಗಳ ಸಂಖ್ಯೆ ಏರಿತು, ಇಳಿಯಿತು. 1944ರಲ್ಲಿ ಪಶ್ಚಿಮದ ಭಾಗಗಳನ್ನು ಕಳಚಿ ವೆಲಿಕಿಯೆ ಲೂಕಿ ಎಂಬ ಪ್ರತ್ಯೇಕ ಒಬ್ಲಾಸ್ಟ್ ಮಾಡಿದರು. 1957ರಲ್ಲಿ ಅದನ್ನು ರದ್ದುಮಾಡಿದಾಗ ತೊರೊಪೆತ್ಸ್, ನೆಲಿದೊವೊ ಮೊದಲಾದವು ಕಲಿನಿನ್ ಒಬ್ಲಾಸ್ಟಿಗೆ ಬಂದವು, ವೆಲಿಕಿಯೆ ಲೂಕಿ ನಗರ ಮಾತ್ರ ಪ್ಸ್ಕೊವ್ ಒಬ್ಲಾಸ್ಟಿಗೆ ಹೋಯಿತು. 1960ರ ದಶಕದ ಆರಂಭದಲ್ಲಿ ಆಗಿನ ಸೋವಿಯತ್ ನಾಯಕ ಕ್ರುಶ್ಚೋವ್ ಅನೇಕ ಗ್ರಾಮೀಣ ರಯೋನುಗಳನ್ನು ಒಟ್ಟುಗೂಡಿಸಿದರು. ಅವರು ಅಧಿಕಾರದಿಂದ ಇಳಿದೊಡನೆ ಅವುಗಳಲ್ಲಿ ಹಲವು ಮತ್ತೆ ತಲೆಯೆತ್ತಿದವು. ಇಂದಿನ 36 ಈ ಎಲ್ಲ ಕಟ್ಟುವ, ಕೆಡಹುವ ಕೆಲಸ ನಿಂತಾಗ ಉಳಿದ ಸಂಖ್ಯೆ.

ಸಂಖ್ಯಾವ್ಯಸನಿ:

ಉಪನ್ಯಾಸಕರ ಮಾತಿಗೆ ಒಂದು ಸಣ್ಣ ಲೆಕ್ಕವನ್ನು ಸೇರಿಸುವ ಆಸೆ. ತ್ವೇರ್ ಒಬ್ಲಾಸ್ಟಿನಲ್ಲಿ ಪಟ್ಟಣದ ಸ್ಥಾನಮಾನವಿರುವ ಊರುಗಳು 23. ಅಷ್ಟೂ ಊರುಗಳು ಒಂದಲ್ಲ ಒಂದು ರಯೋನಿನ ಕೇಂದ್ರಗಳು, ಮೇಲೆ ಹೇಳಿದ ಐದು ದೊಡ್ಡ ನಗರಗಳೂ ಸೇರಿ. ಉಳಿದ 13 ರಯೋನುಗಳಲ್ಲಿ ಪಟ್ಟಣವೇ ಇಲ್ಲ. ಮಕ್ಸಾತಿಖಾ, ರಮೆಶ್ಕಿ, ಸಂದೊವೊ, ಸೆಲಿಝಾರೊವೊ ಇಂತಹವುಗಳ ಕೇಂದ್ರ ‘ನಗರಮಾದರಿಯ ವಸತಿ’ ಎಂಬ ನಡುವಿನ ದರ್ಜೆಯ ಊರು. ಲೆಸ್ನೊಯ್ ರಯೋನಿನ ಕೇಂದ್ರವಂತೂ ಬರಿಯ ಹಳ್ಳಿ. 23ಕ್ಕೆ 13 ಕೂಡಿಸಿದರೆ 36. ಪಟ್ಟಿ ಪರೀಕ್ಷಿಸಲು ಈ ಸೂತ್ರ ಅನುಕೂಲ.

ಪಟ್ಟಣದ ದರ್ಜೆಯ ಬಗ್ಗೆಯೂ ಒಂದು ಮಾತು. 1957ರ ಆದೇಶದ ಪ್ರಕಾರ ಪಟ್ಟಣವೆನಿಸಲು 12,000 ಜನ ಬೇಕು, ಅವರಲ್ಲಿ 85 ಶೇಕಡಾ ಕಾರ್ಮಿಕರು, ನೌಕರರು ಮತ್ತು ಅವರ ಕುಟುಂಬದವರಾಗಿರಬೇಕು; ನಗರಮಾದರಿಯ ವಸತಿಗೆ 3,000 ಜನ ಸಾಕು. ಆದರೆ ಈ ಒಬ್ಲಾಸ್ಟಿನ ಬೆಲಿ ಎಂಬ ಪಟ್ಟಣದಲ್ಲಿ 2010ರ ಗಣತಿಯ ವೇಳೆಗೆ 4,000 ಜನವೂ ಇರಲಿಲ್ಲ. ಹಿಂದೆ ಪಡೆದ ದರ್ಜೆಯನ್ನು ಜನ ಕಡಿಮೆಯಾದರೆಂದು ಯಾರೂ ಕಿತ್ತುಕೊಂಡಿಲ್ಲ. ಅದಕ್ಕೆ ವ್ಯತಿರಿಕ್ತವಾಗಿ ಉದೋಮ್ಲ್ಯಾ ಪಟ್ಟಣವಾದದ್ದು 1981ರಲ್ಲಿ, ಅದೂ ಅಣುಸ್ಥಾವರದ ನಿರ್ಮಾಣದಿಂದ. ಅಲ್ಲೀಗ ತಲಾ 1,000 ಮೆಗಾವಾಟ್‌ನ ನಾಲ್ಕು ಘಟಕಗಳಿವೆ.

ಪ್ರಶ್ನಾರ್ಥಕ:

ಇಷ್ಟೆಲ್ಲ ಓದಿದ ಮೇಲೂ ನನಗೆ ಕಾಡುವ ಪ್ರಶ್ನೆ ಒಂದೇ. ರಯೋನು ಎಂದು ಕರೆದರೇನು, ಒಕ್ರುಗ್ ಎಂದರೇನು, ನೆಲ ಅದೇ, ಕಚೇರಿ ಅದೇ, ಬಹುಶಃ ಮೇಜಿನ ಹಿಂದೆ ಕುಳಿತ ಅಧಿಕಾರಿಯೂ ಅದೇ. ಹಳ್ಳಿಯಲ್ಲಿರುವವನಿಗೆ ಇದರಿಂದ ಆಗುವ ವ್ಯತ್ಯಾಸವಾದರೂ ಏನು? ಇದು ಕಾಗದದ ಮೇಲಿನ ಆಟವೆಂದೇ ನನಗೆ ತೋರುತ್ತದೆ.

ಆಡಳಿತಾಸಕ್ತ:

ಪ್ರಶ್ನಾರ್ಥಕ ಅವರೇ, ವ್ಯತ್ಯಾಸ ಇದೆ ಮತ್ತು ಅದು ಕಾಗದವನ್ನು ದಾಟಿದೆ. ಎರಡು ಮಜಲಿನ ರಯೋನ್ ಒಕ್ರುಗ್ ಆಗಿ ಬದಲಾದಾಗ ಕೆಳಗಿನ ಮಜಲು ಪೂರ್ತಿಯಾಗಿ ಇಲ್ಲವಾಗುತ್ತದೆ. ಒಂದು ಗ್ರಾಮ ವಸತಿಗೆ ಇದ್ದ ಚುನಾಯಿತ ಮಂಡಳಿ, ಅದರ ಮುಖ್ಯಸ್ಥ, ಅದರ ಪ್ರತ್ಯೇಕ ಬಜೆಟ್ ಮೂರೂ ರದ್ದು. ಆ ಊರಿನಲ್ಲಿ ಉಳಿಯುವುದು ಹೆಚ್ಚೆಂದರೆ ಒಕ್ರುಗ್ ಆಡಳಿತದ ಒಂದು ಶಾಖೆ, ಅದರಲ್ಲಿ ನೇಮಕಗೊಂಡ ನೌಕರ. ಬೀದಿದೀಪ ಕೆಟ್ಟರೆ ಹಿಂದೆ ಹತ್ತಿರದ ಹಳ್ಳಿಯಲ್ಲಿ ಮತ ಕೊಟ್ಟು ಆರಿಸಿದವನನ್ನು ಕೇಳಬಹುದಿತ್ತು. ಈಗ ಕೇಳಬೇಕಾದ ಮಂಡಳಿ ಹತ್ತಾರು ಕಿಲೋಮೀಟರ್ ಆಚೆ ಇದೆ.

ತ್ವೇರಿನಲ್ಲಿ ಈ ಬದಲಾವಣೆ ಹಂತಹಂತವಾಗಿ ನಡೆಯಿತು. 2010ರ ದಶಕದ ಉತ್ತರಾರ್ಧದಲ್ಲಿ ಉದೋಮ್ಲ್ಯಾ, ಒಸ್ತಾಶ್ಕೊವ್, ನೆಲಿದೊವೊ, ಕಾಶಿನ್ ರಯೋನುಗಳು ಒಂದೊಂದಾಗಿ ನಗರ ಒಕ್ರುಗ್‌ಗಳಾದವು. ಹೆಸರಿಗೆ ‘ನಗರ’; ಒಳಗೆ ನೂರಾರು ಹಳ್ಳಿಗಳು ಮತ್ತು ಕಾಡು. ವೋಲ್ಗಾ ನದಿ ಹುಟ್ಟುವ ವೋಲ್ಗೊವೆರ್ಖೊವ್ಯೆ ಎಂಬ ಪುಟ್ಟ ಹಳ್ಳಿಯೂ ಒಸ್ತಾಶ್ಕೊವ್ ನಗರ ಒಕ್ರುಗ್‌ಗೆ ಸೇರಿತು ಎಂದರೆ ಆ ಹೆಸರಿನ ಅಸಂಗತಿ ಅರ್ಥವಾದೀತು. ಈ ಅಸಂಗತಿಯನ್ನು ಕಾನೂನು ಮಾಡುವವರೂ ಗಮನಿಸಿರಬೇಕು. 2019ರ ಮೇ ತಿಂಗಳ ತಿದ್ದುಪಡಿಯಲ್ಲಿ ‘ಮುನಿಸಿಪಲ್ ಒಕ್ರುಗ್’ ಎಂಬ ಹೊಸ ಬಗೆಯನ್ನು ತಂದರು. ಅದೂ ಒಂದೇ ಮಜಲಿನದು, ಆದರೆ ಗ್ರಾಮೀಣ ಪ್ರದೇಶಕ್ಕೆ ಹೇಳಿಮಾಡಿಸಿದ ಹೆಸರು. ಆಂದ್ರೆಯಾಪೋಲ್, ವೆಸ್ಯೆಗೊನ್ಸ್ಕ್, ಒಲೆನಿನೊ ಮೊದಲಾದವು ಆ ದಾರಿ ಹಿಡಿದವು. ವಿಶ್ನಿ ವೊಲೊಚೋಕ್ ನಗರ ಮತ್ತು ಅದೇ ಹೆಸರಿನ ರಯೋನು 2019ರಲ್ಲಿ ಒಂದಾದವು. ಕಿಮ್ರಿಯಲ್ಲಿಯೂ ಆಮೇಲೆ ಹಾಗೆಯೇ ಆಯಿತು. ಅಂದರೆ ಒಂದೇ ಊರಿನಲ್ಲಿ ಎರಡು ಆಡಳಿತಗಳಿದ್ದ ಆ ಹಳೆಯ ವಿಚಿತ್ರವೂ ಕೆಲವೆಡೆ ಕೊನೆಗೊಂಡಿದೆ.

ಸರ್ಕಾರದ ಕಡೆಯ ವಾದವನ್ನು ಹೇಳದಿದ್ದರೆ ನ್ಯಾಯವಾಗದು. 84,000 ಚದರ ಕಿಲೋಮೀಟರ್‌ಗೂ ಮಿಗಿಲಾದ ಈ ಒಬ್ಲಾಸ್ಟಿನ ಜನಸಂಖ್ಯೆ 2002ರಲ್ಲಿ 14.7 ಲಕ್ಷವಿದ್ದದ್ದು 2010ರಲ್ಲಿ 13.5 ಲಕ್ಷಕ್ಕೆ, 2021ರಲ್ಲಿ 12.3 ಲಕ್ಷಕ್ಕೆ ಇಳಿಯಿತು. ಅದರಲ್ಲಿ 4 ಲಕ್ಷಕ್ಕೂ ಹೆಚ್ಚು ಜನ ತ್ವೇರ್ ನಗರವೊಂದರಲ್ಲಿಯೇ ಇದ್ದಾರೆ. ಗ್ರಾಮೀಣ ನೆಲೆಗಳು 9,000ಕ್ಕೂ ಹೆಚ್ಚು. ಅವುಗಳಲ್ಲಿ 2,000ಕ್ಕೂ ಮಿಕ್ಕಿದವುಗಳಲ್ಲಿ 2010ರಲ್ಲಿಯೇ ಒಬ್ಬ ನಿವಾಸಿಯೂ ಇರಲಿಲ್ಲ. ತೆರಿಗೆ ಕೊಡುವವರು ಕೆಲವೇ ನೂರು ಜನ ಇರುವ ಗ್ರಾಮ ವಸತಿಗೆ ಬರುವ ಹಣ ಅದರ ಕಚೇರಿಯ ಸಂಬಳಕ್ಕೇ ಸಾಲದು ಎಂಬ ಮಾತನ್ನು ತಳ್ಳಿಹಾಕಲಾಗದು. ನನ್ನ ಆಕ್ಷೇಪ ಇರುವುದು ಬೇರೆಡೆ. ಹಣ ಸಾಲದಂತಾದದ್ದಕ್ಕೆ ತೆರಿಗೆ ಹಂಚಿಕೆಯೂ ಕಾರಣ. ಕೆಳಗಿನ ಮಜಲಿಗೆ ಸಿಕ್ಕಿದ್ದು ಮುಖ್ಯವಾಗಿ ಜಮೀನಿನ ತೆರಿಗೆ, ಆಸ್ತಿ ತೆರಿಗೆ ಮತ್ತು ವರಮಾನ ತೆರಿಗೆಯ ಒಂದು ತುಣುಕು. ಮೊದಲು ಬಡವಾಗಿಸಿ, ಆಮೇಲೆ ಬಡತನವನ್ನೇ ಕಾರಣವಾಗಿ ತೋರಿಸಿ ರದ್ದು ಮಾಡಿದಂತಾಯಿತು.

ನಿವೃತ್ತ ಇತಿಹಾಸ ಉಪನ್ಯಾಸಕ:

ತ್ವೇರಿನ ವಿಷಯದಲ್ಲಿ ಈ ಜಗಳ ಹಳೆಯದು. 1864ರ ಸುಧಾರಣೆಯಿಂದ ಹುಟ್ಟಿದ ಝೆಮ್‌ಸ್ತ್ವೊ ಎಂಬ ಸ್ಥಳೀಯ ಮಂಡಳಿಗಳು ಗುಬೇರ್ನಿಯಾ ಮತ್ತು ಉಯೆಜ್ದ್ ಮಟ್ಟದಲ್ಲಿ ಶಾಲೆ, ಆಸ್ಪತ್ರೆ, ರಸ್ತೆಗಳನ್ನು ನೋಡಿಕೊಳ್ಳುತ್ತಿದ್ದವು. ತ್ವೇರಿನ ಝೆಮ್‌ಸ್ತ್ವೊ ಉದಾರವಾದಿಗಳ ಬೀಡೆಂದು ಹೆಸರಾಗಿತ್ತು. ಹೊಸ ಚಕ್ರವರ್ತಿ ಎರಡನೆಯ ನಿಕೊಲಾಯ್‌ಗೆ ಅದು ಸಲ್ಲಿಸಿದ ಮನವಿಯಲ್ಲಿ ಜನರ ದನಿಗೆ ಕಿವಿಗೊಡಬೇಕೆಂಬ ಆಶಯವಿತ್ತು. ಆಡಳಿತದಲ್ಲಿ ಝೆಮ್‌ಸ್ತ್ವೊ ಪ್ರತಿನಿಧಿಗಳು ಪಾಲುಗೊಳ್ಳುವುದು ‘ಅರ್ಥಹೀನ ಕನಸು’ ಎಂದು ಅವನು 1895ರ ಜನವರಿಯಲ್ಲಿ ಸಾರ್ವಜನಿಕವಾಗಿಯೇ ಉತ್ತರಿಸಿದ. ಆ ಝೆಮ್‌ಸ್ತ್ವೊ ಕೂಡ ಉಯೆಜ್ದಿಗಿಂತ ಕೆಳಗೆ ಇಳಿದಿರಲಿಲ್ಲ ಎಂಬುದನ್ನೂ ನೆನಪಿಡಬೇಕು. 

ಭಾಷಾಕುತೂಹಲಿ:

ಉಪನ್ಯಾಸಕರು 1930ರ ದಶಕದ ಬದಲಾವಣೆಗಳನ್ನು ಹೇಳುವಾಗ ಕರೇಲಿಯನ್ನರನ್ನು ಬಿಟ್ಟಿದ್ದಾರೆ. 17ನೆಯ ಶತಮಾನದಲ್ಲಿ ಸ್ವೀಡನ್ನಿನ ಆಳ್ವಿಕೆಗೆ ಒಳಗಾದ ತಮ್ಮ ನಾಡನ್ನು ಬಿಟ್ಟು ಬಂದ ಕರೇಲಿಯನ್ನರ ವಂಶಸ್ಥರು ಈ ಪ್ರದೇಶದಲ್ಲಿ ನೆಲೆಸಿದ್ದಾರೆ. ಅವರಿಗಾಗಿ 1937ರ ಜುಲೈಯಲ್ಲಿ ಲಿಖೊಸ್ಲಾವ್ಲ್ ಪಟ್ಟಣವನ್ನು ಕೇಂದ್ರವಾಗಿಟ್ಟುಕೊಂಡು, ಹಲವು ರಯೋನುಗಳನ್ನು ಒಳಗೊಂಡ ಕರೇಲಿಯನ್ ರಾಷ್ಟ್ರೀಯ ಒಕ್ರುಗ್ ಒಂದನ್ನು ಕಲಿನಿನ್ ಒಬ್ಲಾಸ್ಟಿನೊಳಗೆ ರಚಿಸಲಾಯಿತು. 1939ರ ಫೆಬ್ರವರಿಯಲ್ಲಿ ಅದನ್ನು ರದ್ದುಮಾಡಿದರು. ಇಂದು ಚರ್ಚೆಯಾಗುತ್ತಿರುವ ಒಕ್ರುಗ್‌ಗೂ ಅದಕ್ಕೂ ಹೆಸರಿನ ಹೋಲಿಕೆ ಬಿಟ್ಟರೆ ಸಂಬಂಧವಿಲ್ಲ. ಅದು ಒಂದು ಭಾಷಿಕ ಸಮುದಾಯಕ್ಕೆ ನೆಲವನ್ನು ಗುರುತಿಸಿಕೊಟ್ಟ ಮಜಲು. ಈಗಿನದು ಸ್ಥಳೀಯಾಡಳಿತದ ಘಟಕ.

ಪ್ರಶ್ನಾರ್ಥಕ:

ಆಡಳಿತಾಸಕ್ತರ ಉತ್ತರದಿಂದ ವಿಷಯ ಸ್ಪಷ್ಟವಾಯಿತು, ಧನ್ಯವಾದಗಳು. ಮೊದಲ ಪ್ರಶ್ನೆಯಲ್ಲಿದ್ದ ‘ಪ್ರವೇಶ ನಿರ್ಬಂಧವಿರುವ 2 ನೆಲೆಗಳು’ ಯಾವುವು? ಅವು ಯಾರ ಅಧೀನದಲ್ಲಿವೆ?

ಕಲಬುರಗಿಯ ವೈದ್ಯ:

ಒಜ್ಯೋರ್ನಿ ಮತ್ತು ಸೋಲ್ನೆಚ್ನಿ. ಒಜ್ಯೋರ್ನಿ ಮಾಸ್ಕೋ-ಪೀಟರ್ಸ್‌ಬರ್ಗ್ ರೈಲುಮಾರ್ಗದ ನಡುದಾರಿಯ ಬೊಲೊಗೊಯೆ ಪಟ್ಟಣದ ಸಮೀಪದ್ದು, ಕ್ಷಿಪಣಿ ಪಡೆಗೆ ಸಂಬಂಧಿಸಿದ ನೆಲೆ. ಸೋಲ್ನೆಚ್ನಿ ಇರುವುದು ಸೆಲಿಗೆರ್ ಸರೋವರದ ಗೊರೊದೊಮ್ಲ್ಯಾ ದ್ವೀಪದಲ್ಲಿ. ಎರಡನೆಯ ಮಹಾಯುದ್ಧದ ನಂತರ ಜರ್ಮನಿಯಿಂದ ಕರೆತಂದ ರಾಕೆಟ್ ತಂತ್ರಜ್ಞರನ್ನು ಕೆಲಸಕ್ಕೆ ಇರಿಸಿದ್ದು ಅಲ್ಲಿಯೇ. 1992ರ ಒಕ್ಕೂಟ ಕಾನೂನಿನಂತೆ ಇಂತಹ ನೆಲೆಗಳ ರಚನೆ ಮತ್ತು ರದ್ದತಿ ದೇಶದ ಅಧ್ಯಕ್ಷರ ತೀರ್ಮಾನ. ಸುತ್ತ ಬೊಲೊಗೊಯೆ, ಒಸ್ತಾಶ್ಕೊವ್ ರಯೋನುಗಳ ನೆಲವಿದ್ದರೂ ಇವು ಅವುಗಳಿಗೆ ಸೇರುವುದಿಲ್ಲ, ಪ್ರತ್ಯೇಕ ನಗರ ಒಕ್ರುಗ್‌ಗಳಾಗಿವೆ. ಸೋಲ್ನೆಚ್ನಿಯ ಜನಸಂಖ್ಯೆ ಸುಮಾರು 2,000 ಮಾತ್ರ.

ನಕಾಶೆಪ್ರಿಯ:

ಎಲ್ಲರಿಗೂ ಕೃತಜ್ಞತೆಗಳು. ನನ್ನ ಲೇಖನದ ಮುಖ್ಯ ಕೋಷ್ಟಕಕ್ಕೆ 36 ರಯೋನುಗಳ ಪಟ್ಟಿಯನ್ನೇ ಆಧಾರವಾಗಿಟ್ಟುಕೊಂಡು, ಒಕ್ರುಗ್‌ಗಳನ್ನು ಅಡಿಟಿಪ್ಪಣಿಗೆ ಹಾಕುವುದು ಸರಿಯೇ? ಅಥವಾ ಈಗ ಜಾರಿಯಲ್ಲಿರುವ ಒಕ್ರುಗ್‌ಗಳೇ ಮೇಲೆ ಬರಬೇಕೇ?

ಸಂಖ್ಯಾವ್ಯಸನಿ:

ಒಕ್ರುಗ್‌ಗಳೇ ಮೇಲೆ ಬರಬೇಕು. ರಷ್ಯಾ ಸರ್ಕಾರವೇ ಎರಡು ಪ್ರತ್ಯೇಕ ಸಂಕೇತಪಟ್ಟಿಗಳನ್ನು ಇಟ್ಟುಕೊಂಡಿದೆ: ಆಡಳಿತ ವಿಭಾಗಗಳಿಗೆ ಒಕಾಟೊ, ಮುನಿಸಿಪಲ್ ಘಟಕಗಳಿಗೆ ಒಕ್ಟ್‌ಮೊ. ಎರಡರಲ್ಲಿಯೂ ತ್ವೇರ್ ಒಬ್ಲಾಸ್ಟಿನ ಸಂಕೇತ 28ರಿಂದ ಆರಂಭವಾಗುತ್ತದೆ. ತೆರಿಗೆ ಪಾವತಿಯ ನಮೂನೆಗಳಲ್ಲಿ 2014ರ ಜನವರಿಯಿಂದ ಒಕಾಟೊ ಜಾಗಕ್ಕೆ ಒಕ್ಟ್‌ಮೊ ಬಂದಿದೆ. ಹಣ ಯಾವ ಪಟ್ಟಿಯ ಪ್ರಕಾರ ಹರಿಯುತ್ತದೆಯೋ ಅದೇ ಜೀವಂತ ಪಟ್ಟಿ.

ನಿವೃತ್ತ ಇತಿಹಾಸ ಉಪನ್ಯಾಸಕ:

ಸಂಖ್ಯಾವ್ಯಸನಿಯವರ ಮಾತನ್ನು ನಾನು ಪೂರ್ತಿ ಒಪ್ಪಲಾರೆ. ಹಳೆಯ ಗಣತಿಗಳು, ಯುದ್ಧಕಾಲದ ದಾಖಲೆಗಳು, ಭೂಪಟಗಳು ಎಲ್ಲವೂ ರಯೋನಿನ ಲೆಕ್ಕದಲ್ಲಿವೆ. 1942ರ ರ್ಝೆವ್ ಕದನಗಳ ಬಗ್ಗೆ ಓದುವವನಿಗೆ ರಯೋನುಗಳ ಹೆಸರು ಬೇಕೇ ಬೇಕು. ನ್ಯಾಯಾಂಗ, ಪ್ರಾಸಿಕ್ಯೂಟರ್ ಕಚೇರಿಗಳಂತಹ ಒಕ್ಕೂಟ ಸಂಸ್ಥೆಗಳು ಹಲವು ರಯೋನುಗಳನ್ನು ಜೋಡಿಸಿದ ‘ಅಂತರ-ರಯೋನ್’ ವ್ಯಾಪ್ತಿಯಲ್ಲಿ ಕೆಲಸ ಮಾಡುವ ಪದ್ಧತಿಯೂ ಇರುವುದರಿಂದ ಆ ಶಬ್ದ ಕಡತಗಳಿಂದ ಅಳಿಸಿಹೋಗಿಲ್ಲ.

ಆಡಳಿತಾಸಕ್ತ:

ಕೋಷ್ಟಕವನ್ನು ಊರಿನ ಹೆಸರಿನಿಂದ ಆರಂಭಿಸಿದರೆ ಈ ಜಗಳ ಬಗೆಹರಿಯುತ್ತದೆ. ಮೊದಲ ಅಂಕಣದಲ್ಲಿ ಕೇಂದ್ರ ಊರು, ಎರಡನೆಯದರಲ್ಲಿ 1775ರ ಸುಧಾರಣೆಯ ನಂತರದ ಉಯೆಜ್ದ್, ಮೂರನೆಯದರಲ್ಲಿ ರಯೋನ್, ನಾಲ್ಕನೆಯದರಲ್ಲಿ ಈಗಿನ ಮುನಿಸಿಪಲ್ ಘಟಕ ಮತ್ತು ಅದು ರಚನೆಯಾದ ವರ್ಷ. ಯಾವ ದಿನಾಂಕದವರೆಗಿನ ಮಾಹಿತಿ ಎಂಬುದನ್ನು ಕೋಷ್ಟಕದ ತಲೆಯಲ್ಲಿಯೇ ನಮೂದಿಸಬೇಕು. ಏಕೆಂದರೆ 2025ರ ಮಾರ್ಚ್ 20ರ 33ನೆಯ ಸಂಖ್ಯೆಯ ಹೊಸ ಕಾನೂನು 131ನೆಯ ಕಾನೂನಿನ ಜಾಗಕ್ಕೆ ಬರುತ್ತಿದೆ. 2020ರ ಸಂವಿಧಾನ ತಿದ್ದುಪಡಿಯು ಸ್ಥಳೀಯ ಸಂಸ್ಥೆಗಳನ್ನೂ ರಾಜ್ಯಾಂಗಗಳನ್ನೂ ‘ಸಾರ್ವಜನಿಕ ಅಧಿಕಾರದ ಏಕೀಕೃತ ವ್ಯವಸ್ಥೆ’ಯೊಳಗೆ ತಂದ ನಂತರ ನಿರೀಕ್ಷಿಸಿದ್ದೇ ಇದು. ಮಸೂದೆಯ ಮೊದಲ ರೂಪದಲ್ಲಿ ಎರಡು ಮಜಲಿನ ವ್ಯವಸ್ಥೆಯನ್ನು ದೇಶದುದ್ದಕ್ಕೂ ತೆಗೆದುಹಾಕುವ ಉದ್ದೇಶವಿತ್ತು. ರಷ್ಯಾದೊಳಗಿನ ಗಣರಾಜ್ಯವಾದ ತತಾರ್‌ಸ್ತಾನ್‌ನಂತಹ ಕಡೆಗಳಿಂದ ವಿರೋಧ ಬಂದ ಮೇಲೆ, ಅದನ್ನು ಉಳಿಸಿಕೊಳ್ಳುವ ಆಯ್ಕೆಯನ್ನು ಪ್ರಾದೇಶಿಕ ಸರ್ಕಾರಗಳಿಗೆ ಬಿಟ್ಟರು. ತ್ವೇರ್ ಈಗಾಗಲೇ ಒಕ್ರುಗ್‌ಗಳ ದಾರಿಯಲ್ಲಿ ಬಹುದೂರ ಹೋಗಿದೆ. ಪಕ್ಕದ ಮಾಸ್ಕೋ ಒಬ್ಲಾಸ್ಟ್ ಆ ದಾರಿಯನ್ನು ಅದಕ್ಕೂ ಮೊದಲೇ ಮುಗಿಸಿದೆ. ಸರಣಿಯ ಎರಡನೆಯ ಕಂತಿಗೆ ನೀವು ತತಾರ್‌ಸ್ತಾನ್‌ ಅನ್ನು ತೆಗೆದುಕೊಂಡರೆ, ತ್ವೇರಿನಲ್ಲಿ ಮರೆಯಾಗುತ್ತಿರುವ ಆ ಕೆಳಗಿನ ಮಜಲು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಓದುಗರಿಗೆ ತೋರಿಸಬಹುದು.